ಮಳೆಗಾಲದಲ್ಲಿ ಹಡಗಿನ ಎಣ್ಣೆ ಸೋರಿದರೆ ಅಳಿವೆಗೆ ಬೂಮ್ ಕಟ್ಟಿ ಪ್ರಯೋಜನ ಉಂಟಾ?

ಪ್ರಶ್ನೆ – ಕಡಲತಡಿ
2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಮುಳುಗಿದ 'ಪ್ರಿನ್ಸೆಸ್ ಮಿರಾಲ್'ನಲ್ಲಿ ಸುಮಾರು 8,000 ಟನ್ ಉಕ್ಕಿನ ಸುರುಳಿ ಇತ್ತು, ಜೊತೆಗೆ ಹಡಗಿನ ಇಂಧನವೂ ಇತ್ತು. ಅಂಥ ಎಣ್ಣೆ ಹೊರಬಿದ್ದರೆ ಯಾರು ಯಾವ ಕೆಲಸಕ್ಕೆ ಹೊಣೆ? ರಾಸಾಯನಿಕ ಸಿಂಪಡಿಸಿ ಮುಗಿಸಬಾರದೇ? ನೇತ್ರಾವತಿ ಅಳಿವೆಗೆ ಅಡ್ಡ ಬೂಮ್ (ಎಣ್ಣೆ ತಡೆಯುವ ತೇಲುಬೇಲಿ) ಎಳೆದರೆ ಸಾಲದೇ?

ಉತ್ತರ – ಲಂಗರು
ಕಡಲಲ್ಲಿ ಕೋಸ್ಟ್ ಗಾರ್ಡ್, ಬಂದರಿನ ಮಿತಿಯೊಳಗೆ ಬಂದರು ಪ್ರಾಧಿಕಾರ, ದಡದಲ್ಲಿ ರಾಜ್ಯ ಸರ್ಕಾರ, ಅಂದರೆ ಜಿಲ್ಲಾಡಳಿತ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿ. ಎಣ್ಣೆ ಸೋರಿಕೆ ನಿಭಾಯಿಸುವ ರಾಷ್ಟ್ರೀಯ ಯೋಜನೆಯಲ್ಲಿ 700 ಟನ್‌ವರೆಗಿನ ಸೋರಿಕೆ ಒಂದನೇ ಹಂತ, 10,000 ಟನ್ ದಾಟಿದರೆ ಮೂರನೆಯದು. ಆದರೆ ಟನ್ ಲೆಕ್ಕ ನೋಡಿ ಸಮಾಧಾನಪಡಬೇಡಿ. ಹಡಗಿನ ದಪ್ಪ ಇಂಧನವಾದ ಫರ್ನೇಸ್ ಆಯಿಲ್ ಅಲೆಗೆ ಸಿಕ್ಕಿ ನೀರು ಹೀರಿಕೊಂಡರೆ ಮೂರು, ನಾಲ್ಕು ಪಟ್ಟು ಉಬ್ಬುತ್ತದೆ. ಸ್ಕಿಮ್ಮರ್ (ನೀರಿನ ಮೇಲಿನ ಎಣ್ಣೆ ತೆಗೆಯುವ ಯಂತ್ರ) ಹೀರಿದ್ದನ್ನು ತುಂಬಿಡಲು ಟ್ಯಾಂಕ್ ಇಲ್ಲದೆ ಕೆಲಸ ನಿಲ್ಲುವುದು ಇದಕ್ಕೇ.

ಎಣ್ಣೆಯನ್ನು ಸಣ್ಣ ಹನಿಗಳಾಗಿ ಒಡೆಯುವ ರಾಸಾಯನಿಕಕ್ಕೆ ಕೋಸ್ಟ್ ಗಾರ್ಡ್ ಅನುಮತಿ ಬೇಕು. ದಪ್ಪ ಎಣ್ಣೆ, ಅದರಲ್ಲೂ ನೀರು ಕುಡಿದದ್ದು, ಅದಕ್ಕೆ ಜಗ್ಗುವುದಿಲ್ಲ. ದಡದ ಹತ್ತಿರ ಆಳವಿಲ್ಲದ ನೀರಿನಲ್ಲಿ ಒಡೆದ ಹನಿಗಳು ಚದುರಿಹೋಗದೆ ಮೀನಿನ ಮರಿಗಳಿರುವ ಜಾಗದಲ್ಲೇ ಉಳಿಯುತ್ತವೆ. ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ರಜೆ ಕೊಡುವುದೇ ಮೀನು ಮೊಟ್ಟೆಯಿಡುವ ಕಾಲವೆಂದು!

ಉತ್ತರ – ತೆರೆಕಂಬ
ಬೂಮ್ ವಿಚಾರ. ಹರಿವಿಗೆ ನೇರ ಅಡ್ಡ ಕಟ್ಟಿದರೆ ಹರಿವು 0.7 ನಾಟ್ (ಗಂಟೆಗೆ ಸುಮಾರು 1.3 ಕಿ.ಮೀ.) ದಾಟುತ್ತಿದ್ದಂತೆ ಎಣ್ಣೆ ಅದರ ಪರದೆಯ ಕೆಳಗಿಂದ ನುಸುಳುತ್ತದೆ. ಮಳೆಗಾಲದ ಅಳಿವೆಯಲ್ಲಿ ಅದಕ್ಕಿಂತ ಎಷ್ಟೋ ಜೋರು. ಬೂಮಿನ ಲಂಗರೇ ಕಿತ್ತು ಬರುತ್ತದೆ. ಹೊಳೆಯ ನೆರೆ ತಾನೇ ಎಣ್ಣೆಯನ್ನು ಹೊರಕ್ಕೆ ತಳ್ಳುತ್ತದೆ. ಅಪಾಯ ಇರುವುದು ಮಳೆ ಬಿಟ್ಟಾಗಿನ ಭರತದ (ಉಬ್ಬರದ) ಹೊತ್ತಿನಲ್ಲಿ. ಹಾಗಾಗಿ ಬೂಮನ್ನು ಓರೆಯಾಗಿ ಹಾಕಿ ಎಣ್ಣೆಯನ್ನು ಶಾಂತವಾದ ಒಂದು ಮೂಲೆಗೆ ತಿರುಗಿಸಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಸಣ್ಣ ತೋಡುಗಳ ಬಾಯಿ ಮೊದಲು ಮುಚ್ಚಬೇಕು. ಜಿಗುಟು ಎಣ್ಣೆಗೆ ಬ್ರಷ್ ಸ್ಕಿಮ್ಮರ್. ಅಂಚಿನ ಮೇಲಿಂದ ಒಳಗೆ ಹರಿಸಿಕೊಳ್ಳುವ ವಿಯರ್ ಮಾದರಿಯದು ನೀರನ್ನೇ ಹೆಚ್ಚು ಎಳೆಯುತ್ತದೆ.

2006ರ ಮೇ 30ರಂದು ಕಾರವಾರದ ಬಂಡೆಗಳಿಗೆ 'ಓಶನ್ ಸೆರಾಯಾ' ಬಡಿದದ್ದು ಮುಂಗಾರಿನ ಹೊಸ್ತಿಲಲ್ಲಿ. ಅಂಥ ಕಡಲಲ್ಲಿ ಹಡಗಿನ ಟ್ಯಾಂಕಿನ ಗಾಳಿಕೊಳವೆ ಮುಚ್ಚಿ, ಎಣ್ಣೆ ಬಿಸಿಮಾಡಿ ಪಂಪ್ ಮಾಡಿ ತೆಗೆಯಬೇಕಾದ ಕೆಲಸ ಕೆಲವು ದಿನ ತಡವಾದರೆ ಸೆಪ್ಟೆಂಬರ್‌ವರೆಗೂ ಮುಳುಗುಗಾರರು ಇಳಿಯಲಾಗದು. ನನಗೆ ಬೂಮ್‌ಗಿಂತ ಇದೇ ಮುಖ್ಯ.

ಉತ್ತರ – ಲಂಗರು
ನಿಜ. ದಡಕ್ಕೆ ಬಂದ ಮೇಲೆ ಜೆಸಿಬಿ ಇಳಿಸಬೇಡಿ, ಚಕ್ರಗಳು ಎಣ್ಣೆಯನ್ನು ಮರಳಿನೊಳಕ್ಕೆ ತುಳಿಯುತ್ತವೆ. ಸಲಿಕೆಯಿಂದ ಮೇಲ್ಪದರ ಮಾತ್ರ ಕೆರೆದು ಚೀಲಕ್ಕೆ 10–15 ಕಿಲೋ ತುಂಬಿ, ಹೆಚ್ಚಾದರೆ ಹರಿಯುತ್ತದೆ. ಭರತದ ಗೆರೆಯ ಮೇಲೆ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಇಡಿ.

ಉತ್ತರ – ಬಲೆಗಾರ
ಬಲೆಗೆ ಎಣ್ಣೆ ಮೆತ್ತಿದರೆ ತೊಳೆಯುವ ಮೊದಲೇ ದಿನಾಂಕ ಸಹಿತ ಫೋಟೋ ತೆಗೆಯಿರಿ. ಎಣ್ಣೆಯ ಮಾದರಿ ಗಾಜಿನ ಬಾಟಲಿಯಲ್ಲಿ, ಮುಚ್ಚಳದೊಳಗೆ ಅಲ್ಯೂಮಿನಿಯಂ ಹಾಳೆ. ಪ್ಲಾಸ್ಟಿಕ್ ಬೇಡ. ಹಡಗಿನ ಇಂಧನದ ಮಾಲಿನ್ಯಕ್ಕೆ ಪರಿಹಾರ ಕೊಡಿಸುವ ಅಂತರರಾಷ್ಟ್ರೀಯ ಬಂಕರ್ ಒಪ್ಪಂದದಡಿ 1,000 ಗ್ರಾಸ್ ಟನ್ನೇಜ್ (ಹಡಗಿನ ಒಟ್ಟು ಗಾತ್ರದ ಅಳತೆ) ಮೀರಿದ ಹಡಗಿನ ವಿಮೆದಾರರ ಮೇಲೆ ನೇರವಾಗಿ ದಾವೆ ಹಾಕಬಹುದು. ನಷ್ಟವಾದ ದಿನದಿಂದ ಮೂರು ವರ್ಷದೊಳಗೆ.