ರಜೆ ಮುಗಿದ ಮೇಲೆ ಅರ್ಧಕ್ಕೆ ನಿಂತ ಬರಹವನ್ನು ಮತ್ತೆ ಹಿಡಿಯುವುದು ಹೇಗೆ?

ಕರಡುಪ್ರತಿ
ನೀಳ್ಗತೆಯೊಂದು ಅರ್ಧದಲ್ಲಿದೆ, ಜೊತೆಗೆ ವಾರಕ್ಕೊಂದು ಅಂಕಣವೂ ಇದೆ. ಹತ್ತು ದಿನದ ರಜೆ ಬರ್ತಾ ಇದೆ. ಮನೆ ತುಂಬ ನೆಂಟರು, ಆಮೇಲೆ ಪ್ರಯಾಣ. ಕೂತು ಬರೆಯೋ ಹಾಗೇ ಇಲ್ಲ. ರಜೆಯಲ್ಲೂ ದಿನಾ ಬರೀಲೇಬೇಕಾ, ಇಲ್ಲ ಪೂರ್ತಿ ಬಿಟ್ಟುಬಿಡಬಹುದಾ? ವಾಪಸ್ ಬಂದಾಗ ಕತೆಯ ಲಯ ತಪ್ಪಿಹೋಗಿರಬಾರದು, ಅಷ್ಟೇ.

ಹಾಸುಹೊಕ್ಕು
ಕತೆ ಬರೆಯೋದನ್ನ ಪೂರ್ತಿ ಬಿಡಿ. ಆದರೆ ಹೊರಡುವ ಹಿಂದಿನ ದಿನ ಒಂದು ಗಂಟೆ ಅದಕ್ಕಾಗಿ ಎತ್ತಿಡಿ. ರಜೆ ಮುಗಿದ ಮೇಲಿನ ಬರಹ ಕೈಹಿಡಿಯುತ್ತಾ ಇಲ್ಲವಾ ಅನ್ನೋದು ಆ ಒಂದು ಗಂಟೆಯಲ್ಲೇ ತೀರ್ಮಾನ ಆಗುತ್ತೆ.

ಅಧ್ಯಾಯ ಮುಗಿಸಿಯೇ ಹೊರಡ್ತೀನಿ ಅನ್ನೋ ಹಟ ಬೇಡ. ಮುಗಿದ ಅಧ್ಯಾಯದ ಆಚೆಗೆ ಖಾಲಿ ಹಾಳೆ ಕಾದಿರುತ್ತೆ, ಬಿಡುವಿನ ನಂತರ ಅದನ್ನ ಎದುರಿಸೋದೇ ಕಷ್ಟ. ದೃಶ್ಯದ ನಡುವೆ, ಮುಂದೇನು ಅಂತ ಸ್ಪಷ್ಟವಾಗಿ ಗೊತ್ತಿರುವಾಗಲೇ ನಿಲ್ಲಿಸಿ. ಆಮೇಲೆ ಅದೇ ಫೈಲಿನ ಕೊನೆಯಲ್ಲಿ ನಿಮಗೆ ನೀವೇ ನಾಲ್ಕೈದು ಸಾಲಿನ ಸೂಚನೆ ಬರೆದಿಡಿ. ಉದಾಹರಣೆಗೆ:

"ಮುಂದೆ: ಕಾಗದ ಅವಳ ಕೈಗೆ ಬರುತ್ತೆ, ಒಡೆಯುವ ಮೊದಲೇ ಯಾರೋ ಬಾಗಿಲು ತಟ್ಟುತ್ತಾರೆ. ಅವಳಿಗೆ ಈಗ ಕೋಪ ಇಲ್ಲ, ಸಂಕೋಚ. ವಾಕ್ಯಗಳು ಚಿಕ್ಕದಾಗಿರಲಿ. ಹಳೆಯ ಜಗಳದ ಪ್ರಸ್ತಾಪ ಬೇಡ, ಎರಡನೇ ಭಾಗದಲ್ಲಿ ಬಂದಾಗಿದೆ."

ಬೇಡದ್ದನ್ನೂ ಬರೆದಿಡೋದು ಮುಖ್ಯ. ಘಟನೆ ನೆನಪಿರುತ್ತೆ, ಯಾವುದನ್ನ ಯಾಕೆ ಕೈಬಿಟ್ಟಿದ್ದೆವು ಅನ್ನೋದು ಮರೆತುಹೋಗುತ್ತೆ. ಹಾಗಾಗಿ ಕೈಬಿಟ್ಟದ್ದೇ ಮತ್ತೆ ಒಳಗೆ ನುಸುಳುತ್ತೆ.

ಅಂಕಣ ಮಾತ್ರ ಮುಂಚೆಯೇ ಬರೆದು ಕಳಿಸಿಬಿಡಿ. ಆ ವಾರದ ಸುದ್ದಿಗೆ ಅಂಟಿಕೊಳ್ಳದ ವಿಷಯ ಆರಿಸಿಕೊಂಡರೆ ಹಳಸೋದಿಲ್ಲ.

ಮಸಿಕುಡಿಕೆ
ಮೇಲಿನದಕ್ಕೆ ಒಂದು ಷರತ್ತು ಸೇರಿಸುತ್ತೇನೆ. ರಜೆಯಲ್ಲಿ ಮನಸ್ಸು ತಾನಾಗಿಯೇ ಕೆಲಸ ಮಾಡುತ್ತದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಮೊದಲು ಸಮಸ್ಯೆಯೊಡನೆ ಗುದ್ದಾಡಿರಬೇಕು ಎಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ. ಗಣಿತಜ್ಞ ಹೆನ್ರಿ ಪ್ವಾಂಕರೆಗೆ ಪ್ರವಾಸದ ನಡುವೆ, ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಉತ್ತರ ಹೊಳೆದದ್ದು ನಿಜ. ಆದರೆ 1908ರ ಉಪನ್ಯಾಸದಲ್ಲಿ ಅವರೇ ಹೇಳಿದಂತೆ, ಅದಕ್ಕೂ ಮೊದಲು ದಿನಗಟ್ಟಲೆ ಪಟ್ಟುಹಿಡಿದು ಕೂತಿದ್ದರು. ಆದ್ದರಿಂದ ಕತೆ ಎಲ್ಲಿ ಸಿಕ್ಕಿಕೊಂಡಿದೆ ಎಂಬುದನ್ನು ಹೊರಡುವ ಮುನ್ನ ಒಂದು ಪ್ರಶ್ನೆಯಾಗಿ ಬರೆದುಕೊಳ್ಳಿ. "ಕ್ಲೈಮ್ಯಾಕ್ಸ್ ಸರಿಯಿಲ್ಲ" ಎಂದು ಬರೆದರೆ ಅದರಿಂದ ಏನೂ ಹುಟ್ಟುವುದಿಲ್ಲ. "ಸತ್ಯ ಗೊತ್ತಿದ್ದೂ ಅಣ್ಣ ಯಾಕೆ ಸುಮ್ಮನಿದ್ದ?" ಎಂದಿರಲಿ.

ನಡಿಗೆಯನ್ನೂ ಬಳಸಿಕೊಳ್ಳಿ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡೆಯುವಾಗ ಹೊಸ ಯೋಚನೆಗಳು ಹೆಚ್ಚು ಬಂದವು. ಒಂದೇ ಸರಿಯುತ್ತರ ಹುಡುಕುವ ಪರೀಕ್ಷೆಯಲ್ಲಿ ಮಾತ್ರ ಸಾಧನೆ ತುಸು ಕುಗ್ಗಿತು. ಅಂದರೆ ನಡೆಯುತ್ತಾ ಸಾಧ್ಯತೆಗಳನ್ನು ಕಲೆಹಾಕಿ, ಆಯ್ಕೆಯನ್ನು ಮೇಜಿನ ಮುಂದೆ ಕೂತು ಮಾಡಿ.

ಕರಡುಪ್ರತಿ
ಇಬ್ಬರಿಗೂ ಧನ್ಯವಾದ. ರಜೆಯಲ್ಲಿ ಕಂಡದ್ದು, ಕೇಳಿದ್ದು ಅಂಕಣಕ್ಕೆ ಆಗಬಹುದಲ್ಲ? ಟಿಪ್ಪಣಿ ಮಾಡ್ಕೊಂಡರೂ ಆಮೇಲೆ ಓದಿದಾಗ ಅದರಲ್ಲಿ ಜೀವವೇ ಇರೋದಿಲ್ಲ.

ಅಡಿಟಿಪ್ಪಣಿ
ಅನಿಸಿದ್ದನ್ನ ಬರೀತೀರಿ, ಕಂಡದ್ದನ್ನ ಬಿಡ್ತೀರಿ, ಅದಕ್ಕೇ ಹಾಗಾಗೋದು. "ಅಜ್ಜಿ, ಮೊಮ್ಮಗಳು, ಎಂಥ ಪ್ರೀತಿ" ಅಂತ ಬರೆದಿಟ್ಟರೆ ತಿಂಗಳಾದ ಮೇಲೆ ಅದರಿಂದ ಒಂದು ಪ್ಯಾರಾ ಕೂಡ ಹೊರಡೋದಿಲ್ಲ. ಹೀಗೆ ಬರೆದು ನೋಡಿ: "ಮೊಮ್ಮಗಳು ಹಾಕಿಕೊಂಡಿದ್ದ ಕನ್ನಡಕದ ಮುರಿದ ಕಡ್ಡಿಗೆ ಅಜ್ಜಿ ದಾರ ಸುತ್ತುತ್ತಾ 'ತಲೆ ಅಲ್ಲಾಡಿಸಬೇಡ' ಅಂತ ಮೂರು ಸಲ ಗದರಿದಳು. ಹುಡುಗಿ ಉಸಿರು ಬಿಗಿಹಿಡಿದು ಕೂತಿದ್ದಳು." ಪ್ರೀತಿ ಅನ್ನೋ ಪದವೇ ಬೇಕಾಗಲಿಲ್ಲ ನೋಡಿ.

ಒಂದು ಟಿಪ್ಪಣಿಗೆ ಇಷ್ಟು ಸಾಕು: ಯಾರೋ ಆಡಿದ ಮಾತು ಇದ್ದದ್ದು ಇದ್ದ ಹಾಗೆ, ಕೈ ಮಾಡುತ್ತಿದ್ದ ಕೆಲಸ, ಒಂದು ಸದ್ದೋ ವಾಸನೆಯೋ. ಅವತ್ತೇ ರಾತ್ರಿ ಬರೀಬೇಕು. ಮಾರನೇ ದಿನಕ್ಕೆ ಆಡಿದ ಮಾತು ಹೋಗಿ ಅದರ ಸಾರಾಂಶ ಮಾತ್ರ ಉಳಿದಿರುತ್ತೆ. ಜನರ ನಡುವೆ ಬರೆಯೋಕೆ ಆಗದಿದ್ದರೆ ಫೋನಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿ, ಮಲಗುವ ಮುಂಚೆ ಬರಹಕ್ಕಿಳಿಸಿ. ರೆಕಾರ್ಡಿಂಗ್‌ಗಳನ್ನ ಗುಡ್ಡೆ ಹಾಕಿಕೊಂಡರೆ ಆಮೇಲೆ ಯಾರೂ ಕೇಳಲ್ಲ. ಮನೆಯವರ ಬಗ್ಗೆ ಪ್ರಕಟಿಸೋದಾದರೆ ಮೊದಲು ಅವರಿಗೆ ಓದಿ ಹೇಳಿ. ಹೆಸರು ಬದಲಿಸಿದರೂ ನೆಂಟರು ಗುರುತು ಹಿಡೀತಾರೆ.

ಹಾಸುಹೊಕ್ಕು
ವಾಪಸ್ ಬಂದ ದಿನದ ಬಗ್ಗೆ ಹೇಳೋದು ಬಿಟ್ಟುಹೋಯ್ತು. ಮೊದಲ ಪುಟದಿಂದ ಓದಬೇಡಿ. ಓದಿದರೆ ತಿದ್ದೋಕೆ ಶುರು ಮಾಡ್ತೀರಿ, ಮೊದಲ ಪುಟಗಳು ಹೊಳಪಾಗ್ತವೆ, ಕತೆ ನಿಂತಲ್ಲೇ ನಿಂತಿರುತ್ತೆ. ಕೊನೆಯ ಎರಡು ಪುಟ ಮಾತ್ರ ದನಿ ಎತ್ತಿ ಓದಿ, ಕೊನೆಯ ಪ್ಯಾರಾವನ್ನ ಕೈಯಲ್ಲಿ ಮತ್ತೆ ಬರೆದು ಅಲ್ಲಿಂದಲೇ ಮುಂದುವರಿಸಿ. ಅವತ್ತು ಅರ್ಧ ಗಂಟೆ ಸಾಕು. ಸಾಲುಗಳು ಒರಟಾಗಿದ್ದರೆ ಇರಲಿ, ತಿದ್ದೋದು ಮೂರನೇ ದಿನದಿಂದ.