ಸಹಾಯ ಬೇಕು: ಮಾಳಿಗೆ ಮೇಲಿನ ಕೊತ್ತಂಬರಿ, ಪುದೀನಾ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮದು ವಿಜಯಪುರ. ಮಾಳಿಗೆ ಮೇಲೆ ಕುಂಡಗಳಲ್ಲಿ ಕೊತ್ತಂಬರಿ, ಪುದೀನಾ, ತುಳಸಿ, ದೊಡ್ಡಪತ್ರೆ ಹಾಕಿದ್ದೇವೆ. ದೊಡ್ಡಪತ್ರೆಗೆ ಯಾರ ಹಂಗೂ ಇಲ್ಲ, ಸುಮ್ನೆ ಬೆಳೆಯುತ್ತದೆ. ತುಳಸಿಯೂ ಚೆನ್ನಾಗಿದೆ. ತಕರಾರು ಇರೋದು ಉಳಿದ ಎರಡರದ್ದು.

ಕೊತ್ತಂಬರಿ ಕಾಳನ್ನು ಎರಡು ಹೋಳು ಮಾಡಿ, ರಾತ್ರಿ ನೆನೆಸಿಯೇ ಬಿತ್ತುತ್ತೇವೆ. ಮೊಳಕೆ ಬರುತ್ತದೆ. ಆದರೆ ಗೇಣುದ್ದ ಆಗುವ ಮೊದಲೇ ದಂಟು ಮೇಲೆದ್ದು, ಎಲೆ ಸಬ್ಬಸಿಗೆಯಂತೆ ಸಣ್ಣಗಾಗಿ, ಬಿಳಿ ಹೂ ಬಿಡುತ್ತದೆ. ಬಿಸಿಲು ಜಾಸ್ತಿಯಾದರೆ ಹೀಗೇ ಅಲ್ವಾ? ಏಪ್ರಿಲ್, ಮೇದಲ್ಲಿ ಇಲ್ಲಿ 40 ಡಿಗ್ರಿ ಹೊಸದೇನಲ್ಲ. ಹಸಿರು ಶೇಡ್ ನೆಟ್ ಕಟ್ಟಬೇಕು ಅಂತಿದ್ದೇವೆ. 50 ಪರ್ಸೆಂಟ್ ಬಿಸಿಲು ತಡೆಯೋದು ಸಾಕಾ, 75ರದ್ದು ಬೇಕಾ?

ಪುದೀನಾದ್ದು ಬೇರೆ ಕಥೆ. ಎಲೆಯ ಅಂಚು ಕಂದಾಗಿ ಒಣಗುತ್ತಿದೆ. ಹಾಕೋದು ಬೋರ್ ನೀರು. ಕುಂಡದ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ. ಉಪ್ಪಿನಂಶವೇ ಕಾರಣ ಅಂತ ನನ್ನ ಅನುಮಾನ. ಮಣ್ಣು ಹೊಲದಿಂದ ತಂದ ಎರೆ ಮಣ್ಣು, ನೀರು ಬೇಗ ಬಸಿಯೋದಿಲ್ಲ. ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಸಗಣಿ ಗೊಬ್ಬರ ಎಷ್ಟೆಷ್ಟು ಬೆರೆಸಬೇಕು?

ಬೆಂಗಳೂರಿನ ವಿಡಿಯೋ ಮಾತ್ರ ಬೇಡ್ರಿ, ಅಲ್ಲಿನ ಹವಾನೇ ಬೇರೆ. ವಿಜಯಪುರ, ಬಾಗಲಕೋಟೆ ಕಡೆ ಬೇಸಿಗೆಯಲ್ಲೂ ಸೊಪ್ಪು ಕೊಯ್ದವರು ಇದ್ದರೆ ದಯವಿಟ್ಟು ಹೇಳಿ.