ಟ್ರೀಟ್‌ಮೆಂಟ್ ಮುಗಿದ ಮೇಲೆ ಶುರುವಾದ ಒಂಟಿತನ: ಆಪ್ತಸಮಾಲೋಚಕಿಯನ್ನು ಕೇಳಿ

ಪ್ರಶ್ನೆ (ಸದಸ್ಯೆ, ಮೂಡಿಗೆರೆ ತಾಲ್ಲೂಕು):
ಮೇಡಂ, ನನಗೆ 46 ವರ್ಷ. ಸ್ತನ ಕ್ಯಾನ್ಸರ್‌ಗೆ ಬೆಂಗಳೂರಲ್ಲಿ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಗಿ ಏಳೆಂಟು ತಿಂಗಳಾಯ್ತು. ಈಗ ಕಾಯಿಲೆ ಮತ್ತೆ ಬರದಿರಲಿ ಅಂತ ಕೊಡೋ ಟ್ಯಾಮೋಕ್ಸಿಫೆನ್ ಮಾತ್ರೆ ನಡೀತಿದೆ, ರಿಪೋರ್ಟ್ ಚೆನ್ನಾಗಿದೆ. ಆದ್ರೆ ಕಾಯಿಲೆ ಇದ್ದಾಗ ಇಲ್ಲದ ಒಂಟಿತನ ಈಗ ಕಾಡ್ತಿದೆ. ನಮ್ಮದು ತೋಟದ ಮನೆ, ಕೂಗಿದ್ರೆ ಓಗೊಡೋಕೆ ಅಕ್ಕಪಕ್ಕ ಯಾರೂ ಇಲ್ಲ. ಆಗ ಹಾರ್ಲಿಕ್ಸ್ ಬಾಟ್ಲು ಹಿಡ್ಕೊಂಡು ಬರ್ತಿದ್ದೋರು ಈಗ ಫೋನೂ ಮಾಡಲ್ಲ. ನೆಂಟರ ಮನೆಗೆ ಹೋದ್ರೆ ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮಾತ್ರ ಪೇಪರ್ ಲೋಟ. ಮನೆಯವರ ಹತ್ರ ಹೇಳಿದ್ರೆ "ಗುಣ ಆಯ್ತಲ್ಲ, ಇನ್ನೇನು?" ಅಂದು ತೋಟಕ್ಕೆ ಹೋಗ್ತಾರೆ. ಮೈಸೂರಲ್ಲಿ ಓದ್ತಿರೋ ಮಗಳನ್ನ ಹೆದರಿಸೋಕೆ ಇಷ್ಟ ಇಲ್ಲ. ಬದುಕಿ ಉಳಿದೋಳು ಹೀಗೆ ಅಳ್ತಾ ಕೂರೋದು ಸರೀನಾ?

ಉತ್ತರ (ಆಪ್ತಸಮಾಲೋಚಕಿ, ಹಾಸನ):
ಅಕ್ಕ, ಅಳು ಬಂದ್ರೆ ಅತ್ತುಬಿಡಿ. ಟ್ರೀಟ್‌ಮೆಂಟ್ ನಡೆಯುವಾಗ ಇವತ್ತು ರಕ್ತ ಪರೀಕ್ಷೆ, ನಾಳಿದ್ದು ಕೀಮೋ ಅಂತ ದಿನದಿನಕ್ಕೂ ಒಂದು ಕೆಲಸ ಇರುತ್ತೆ. ಹೆಸರು ಹಿಡಿದು ಮಾತಾಡಿಸೋ ನರ್ಸ್, ನಮ್ಮಂತೆಯೇ ಕೂದಲು ಉದುರಿದ ಪಕ್ಕದ ಬೆಡ್‌ನವರು ಇರ್ತಾರೆ. ಅದೆಲ್ಲ ಒಂದೇ ದಿನಕ್ಕೆ ನಿಂತುಹೋಗುತ್ತೆ. ಅಲ್ಲೀತನಕ ಹೆದರೋಕೂ ಪುರುಸೊತ್ತಿರಲಿಲ್ಲ, ಆ ಭಯವೆಲ್ಲ ಈಗ ಬರ್ತಿದೆ. ನನ್ನ ಹತ್ರ ಬರುವವರಲ್ಲಿ ಈ ಮಾತು ಹೇಳದವರು ಕಡಿಮೆ.

ಪೇಪರ್ ಲೋಟದ ವಿಷಯ. ಕ್ಯಾನ್ಸರ್ ಎಂಜಲಿಂದಾಗಲಿ, ಮುಟ್ಟಿದ್ರಿಂದಾಗಲಿ ಹರಡಲ್ಲ. ಮೆಷಿನ್‌ನಿಂದ ಹೊರಗಿನಿಂದ ಕೊಡೋ ರೇಡಿಯೇಷನ್ ಮೈಯಲ್ಲಿ ಉಳಿಯೋದೂ ಇಲ್ಲ. ಇದನ್ನು ಆ ಮನೆಯವರಿಗೆ ನಿಮ್ಮ ಯಜಮಾನರು ಹೇಳಲಿ. ನೆಂಟರಿಷ್ಟರಿಗೆಲ್ಲ ಪಾಠ ಮಾಡೋ ಹೊರೆ ನಿಮಗೆ ಬೇಡ. ಹೇಳಿದ ಮೇಲೂ ಪೇಪರ್ ಲೋಟವೇ ಬಂದ್ರೆ ಆ ಮನೆ ಕಾಫಿ ಬಿಟ್ಟುಬಿಡಿ, ಕಾಫಿ ಸೀಮೆಯಲ್ಲಿ ಕಾಫಿಗೇನು ಬರವೇ!

ಯಜಮಾನರ "ಇನ್ನೇನು" ಅನ್ನೋ ಮಾತಿನ ಹಿಂದೆ ಬಹಳ ಸಲ ಅವರದೇ ಭಯ ಇರುತ್ತೆ. "ನನ್ನನ್ನು ಅರ್ಥ ಮಾಡ್ಕೊಳ್ಳಿ" ಅಂದ್ರೆ ಗಂಡಸರಿಗೆ ಏನು ಮಾಡ್ಬೇಕು ಅಂತ ತಿಳಿಯಲ್ಲ. "ಊಟ ಆದ್ಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ, ಸಮಾಧಾನ ಹೇಳೋದು ಬೇಡ, ಕೇಳಿಸ್ಕೊಂಡ್ರೆ ಸಾಕು" ಅನ್ನಿ. ಮಗಳಿಗೂ ಹೇಳಿ: "ರಿಪೋರ್ಟ್ ಚೆನ್ನಾಗಿದೆ, ಮನಸ್ಸು ಮಾತ್ರ ಸರಿಯಿಲ್ಲ." ಎರಡನ್ನೂ ಒಟ್ಟಿಗೇ ಹೇಳಿ. ಮುಚ್ಚಿಟ್ಟರೆ ಅಮ್ಮನ ದನಿಯಲ್ಲೇ ಅವಳಿಗೆ ಗೊತ್ತಾಗುತ್ತೆ, ಇಲ್ಲದ್ದೆಲ್ಲ ಊಹಿಸಿ ಹೆದರ್ತಾಳೆ.

ಇನ್ನು, ಇದನ್ನು ಅನುಭವಿಸಿದವರೊಬ್ಬರು ಬೇಕೇ ಬೇಕು. ಕೀಮೋ ದಿನ ಪಕ್ಕದಲ್ಲಿ ಕೂತಿದ್ದವರ ನಂಬರ್ ಇದ್ರೆ ಇವತ್ತೇ ಮಾತಾಡಿ, ಅವರೂ ಕಾಯ್ತಿರಬಹುದು. ಮುಂದಿನ ಚೆಕಪ್‌ನಲ್ಲಿ ಆಪ್ತಸಮಾಲೋಚಕರು ಇದ್ದಾರಾ, ಗುಣವಾದವರ ಗುಂಪು ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಡಾಕ್ಟರು "ಹೇಗಿದ್ದೀರಿ" ಅಂದಾಗ "ಆರಾಮ" ಅಂದುಬಿಟ್ರೆ ಅವರಿಗೆ ತಿಳಿಯೋದು ಹೇಗೆ? ವಾಟ್ಸಾಪ್ ಗುಂಪಾದ್ರೆ ಕಷಾಯ ಮಾರೋರಿಂದ ದೂರ ಇರಿ.

ಎರಡು ವಾರಕ್ಕೂ ಹೆಚ್ಚು, ಹೆಚ್ಚುಕಮ್ಮಿ ದಿನಾಲೂ ಮನಸ್ಸು ಕುಗ್ಗಿದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಸುಸ್ತೂ ಇದ್ರೆ ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗ್ತಾರೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರೋ ಮನೋಚೈತನ್ಯ ಯೋಜನೆಯೂ ಇದೆ, ಆಶಾ ಕಾರ್ಯಕರ್ತೆಯನ್ನು ವಿಚಾರಿಸಿಕೊಂಡು ಹೋಗಿ. ಅಷ್ಟು ದೂರ ಆಗಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, ನಂಬರ್ 14416. ಹಗಲು ರಾತ್ರಿ ಯಾವಾಗ ಬೇಕಾದ್ರೂ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ತೋಟದಲ್ಲಿ ಇಂಟರ್ನೆಟ್ ಇಲ್ಲದಿದ್ರೂ ಮಾಮೂಲಿ ಫೋನ್ ಸಾಕು. ಸತ್ತರೇ ಮೇಲು ಅನ್ನೋ ಯೋಚನೆ ಬಂದ್ರೆ ಆ ಕ್ಷಣವೇ ಈ ನಂಬರ್‌ಗೆ ಫೋನ್ ಮಾಡಿ, ಮನೆಯವರನ್ನೂ ಎಬ್ಬಿಸಿ.

ಪ್ರತಿಕ್ರಿಯೆ (ಸದಸ್ಯ, ಸಕಲೇಶಪುರ):
ನನ್ನ ಹೆಂಡತಿಗೂ ಟ್ರೀಟ್‌ಮೆಂಟ್ ಮುಗಿದಿದೆ. ಮಾತು ತೆಗೆದ್ರೆ ಮತ್ತೆ ನೆನಪು ಮಾಡಿಸಿದಂಗೆ ಆಗುತ್ತೆ ಅಂತ ಸುಮ್ಮನಿದ್ದೀನಿ. ಕೇಳಬಹುದಾ ಮೇಡಂ?

ಉತ್ತರ:
ಕೇಳಿ ಸರ್. ಅವರು ಮರೆತಿದ್ರೆ ತಾನೇ ನೀವು ನೆನಪಿಸೋದು? ಸ್ನಾನಕ್ಕೆ ಹೋದಾಗೆಲ್ಲ ಆ ಗಾಯದ ಗುರುತು ಕಣ್ಣಿಗೆ ಬೀಳುತ್ತೆ. "ಚೆಕಪ್ ಹತ್ರ ಬಂತು, ಭಯ ಆಗ್ತಿದ್ಯಾ?" ಅಂತ ಶುರು ಮಾಡಿ. ಚೆಕಪ್ ಮುಂಚಿನ ವಾರ ಬಹಳ ಜನಕ್ಕೆ ನಿದ್ದೆ ಇರಲ್ಲ. ಅವರು ಮಾತಾಡುವಾಗ "ಏನೂ ಆಗಲ್ಲ ಬಿಡು" ಅಂತ ತಡೀಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ರಾತ್ರಿ ಮೈಯೆಲ್ಲ ಬಿಸಿಯಾಗಿ, ಬೆವೆತು ಎಚ್ಚರ ಆಗುತ್ತೆ. ಮಾತ್ರೆಯಿಂದಲೇ ಹೀಗಾ? ಸ್ವಲ್ಪ ದಿನ ನಿಲ್ಲಿಸ್ಲಾ?

ಉತ್ತರ:
ನಿಲ್ಲಿಸಬೇಡಿ ಅಕ್ಕ. ಟ್ಯಾಮೋಕ್ಸಿಫೆನ್‌ನಲ್ಲಿ ಈ ಬಿಸಿ, ಬೆವರು ತುಂಬಾ ಸಾಮಾನ್ಯ. ರಾತ್ರಿ ನಿದ್ದೆ ಕೆಟ್ರೆ ಹಗಲು ಮನಸ್ಸು ಇನ್ನೂ ಭಾರ ಆಗುತ್ತೆ, ಹಾಗಾಗಿ ಕ್ಯಾನ್ಸರ್ ಡಾಕ್ಟರಿಗೆ ಇದನ್ನು ಹೇಳಲೇಬೇಕು, ಅದಕ್ಕೆ ದಾರಿ ಇದೆ. ಮನೋವೈದ್ಯರ ಹತ್ರ ಹೋದ್ರೆ ಈ ಮಾತ್ರೆ ತಗೋತಿರೋದನ್ನು ಮೊದಲೇ ತಿಳಿಸಿ. ಪ್ಯಾರಾಕ್ಸಿಟಿನ್, ಫ್ಲುಯಾಕ್ಸಿಟಿನ್‌ನಂಥ ಕೆಲವು ಖಿನ್ನತೆಯ ಔಷಧಿಗಳು ಟ್ಯಾಮೋಕ್ಸಿಫೆನ್ ಕೆಲಸ ಕುಗ್ಗಿಸಬಹುದು. ಆ ತೊಂದರೆ ಇಲ್ಲದವೂ ಇವೆ, ಗೊತ್ತಿದ್ರೆ ಡಾಕ್ಟರು ಅದನ್ನೇ ಬರೀತಾರೆ. ಹೋಗುವಾಗ ಚೀಟಿ, ಮಾತ್ರೆ ಸ್ಟ್ರಿಪ್ ಎರಡೂ ಬ್ಯಾಗಲ್ಲಿರಲಿ.